ನಲವತ್ತಕ್ಕೊಂದು

ಅಮ್ಮತ್ತಿಯ ನಮ್ಮ ಸಲೂನಿಗೆ ಹೊಸ ಬಣ್ಣ ಹೊಡೆಯೋಣವೆಂದು
ಮಂಗಳವಾರ, ರಜೆಯ ದಿನ, ಗೋಡೆ ಕೆರೆದೆ.
ಮೊದಲು ನೀಲಿ, ಅದರಡಿ ಹಳದಿ,
ಅದರಡಿ ಯಾವುದೋ ಸಿನಿಮಾದ ನಾಯಕನ ಎರಡು ಕಾಲು,
ಆಮೇಲೆ ಎಲೆ.
ಒಂದಲ್ಲ, ಸಾಲುಸಾಲು.
ಬೆಂಕಿಪೊಟ್ಟಣದಗಲದ ಚೀಟಿಗಳ ಬೆನ್ನಲ್ಲಿ
ನೇರಳೆ ನರ ಹರಡಿಕೊಂಡು.

ತಾತ ಮಾರಿಮುತ್ತು ಅಂಟಿಸಿದ್ದು.
ಕತೆ ಕೇಳಿದ್ದೆ, ನಂಬಿರಲಿಲ್ಲ.

ಯುದ್ಧದ ಕಾಲ. ಚಿಲ್ಲರೆಯೆಲ್ಲ ಎಲ್ಲಿಗೋ ಇಂಗಿಹೋಗಿತ್ತು.
ಕರಡಿಕೊಲ್ಲಿ ತೋಟದ ದೊರೆ ರೈಟರ್ ಲಾದ್ರು ಪಿಂಟೊನ ಕರೆದು
'ಚೀಟಿ ಬರಿ' ಎಂದ, 'ಕಾಫಿ ಮಾರಿದ ಮೇಲೆ ಬೆಳ್ಳಿ ಕೊಡುವ.'
ಪಿಂಟೊ ಬರೆದ: ಇದನ್ನು ತಂದವರಿಗೆ ಒಂದು ರೂಪಾಯಿ ಸಲ್ಲತಕ್ಕದ್ದು.
ಸಹಿಯನ್ನು ಯಾರೂ ನಕಲು ಮಾಡಿಯಾರು,
ಎಲೆಯ ನರವನ್ನು ಯಾರು ಬರೆದಾರು?
ಬೇಲಿಯಿಂದ ಎಲೆ ಕಿತ್ತು, ಅದ್ದಿ, ಒತ್ತಿದ.

ಮೊದಲ ವರ್ಷ ರೂಪಾಯಿಗೆ ರೂಪಾಯಿ.
ಕುಂಞಾಲಿ ಕಾಕನ ಅಂಗಡಿಯಲ್ಲಿ ಒಣಮೀನು, ಬೆಲ್ಲ, ಸೀಮೆಎಣ್ಣೆ.
ಹಡಗು ಬರಲಿಲ್ಲ. ಕಾಫಿ ಗೋದಾಮಿನಲ್ಲೇ ಬೂಷ್ಟು ಹಿಡಿಯಿತು.
ದೊರೆ ಮತ್ತೆ ಬರೆಸಿದ. ಮತ್ತೆ.
ಬೇಲಿ ಬೋಳಾಯಿತು ಅನ್ನುತ್ತಿದ್ದ ತಾತ.
ಕಾಕ ಹನ್ನೆರಡಾಣೆಗೆ ಇಳಿದ, ನಾಲ್ಕಾಣೆಗೆ ಇಳಿದ,
ಕೊನೆಗೆ ಚೀಟಿ ಕಂಡರೆ ಸಾಕು,
ನಡುಮಧ್ಯಾಹ್ನ ಕತ್ತಲಾಯಿತೆಂದು ಅಂಗಡಿಯ ಹಲಗೆ ಹಾಕಿದ.
ಎರವರ ಜೋಯಿ ಒಂದು ಕುಕ್ಕೆ ಚೀಟಿ ಹೊತ್ತು ತಂದು
ಒಂದು ಸೇರು ಉಪ್ಪಿಗೆ ಮೇಸ್ತ್ರಿಗೆ ಸುರಿದು ಹೋದಳು.

ತಾತ ಗಂಜಿ ಕಲಸಿದ.
ತನ್ನ ಪಾಲಿನ ಮುನ್ನೂರ ಹನ್ನೊಂದನ್ನೂ ಗೋಡೆಗೆ ಮೆತ್ತಿ
'ಬನ್ನಿ, ದುಡ್ಡಿನ ಮನೆಯಲ್ಲಿ ಕೂತು ಬೋಳಿಸಿಕೊಳ್ಳಿ' ಎಂದ.

ಮುಂದಿನ ವಾರವೇ ತೋಟ ಕೈ ಬದಲಾಯಿತು.
ಹೊಸ ದೊರೆ ಡಂಗುರ ಹೊಡೆಸಿದ:
ನಲವತ್ತು ಚೀಟಿಗೆ ಒಂದು ಬೆಳ್ಳಿ.
ಮೇಸ್ತ್ರಿ ಎತ್ತಿನ ಗಾಡಿ ಕಟ್ಟಿಕೊಂಡು ಹೋದ.
ತಾತ ಇಡೀ ರಾತ್ರಿ ಬಿಸಿನೀರು, ಬಾಚಿಹಲ್ಲು, ಉಗುರು.
ಗಂಜಿ ಬಿಡಲಿಲ್ಲ.

ಇದನ್ನೆಲ್ಲ ಇತಿಹಾಸದ ಮೇಷ್ಟ್ರು ಕುಟ್ಟಯ್ಯನವರಿಗೆ ಹೇಳುವಾಗ
ಅವರ ಗದ್ದ ನನ್ನ ಕೈಯಲ್ಲಿತ್ತು.
ನೊರೆಯೊಳಗಿಂದಲೇ ಹಾರಿಬಿದ್ದರು:
'ಅಮೆರಿಕದಲ್ಲೂ ಹೀಗೇ ಕಣಯ್ಯ!
ಇಂಗ್ಲೆಂಡಿನ ರಾಜನ ಮೇಲೆ ಎದ್ದವರಿಗೆ ಖಜಾನೆಯಿರಲಿಲ್ಲ,
ತೆರಿಗೆ ಎತ್ತುವ ಅಧಿಕಾರವಿರಲಿಲ್ಲ, ಅಚ್ಚಿನ ಮೊಳೆಯಿತ್ತು.
ಕಾಗದದ ಬೆನ್ನಿಗೆ ಎಲೆ ಒತ್ತಿದರು, ಬೆಳ್ಳಿ ಕೊಡುವೆವೆಂದರು.
ಕಳ್ಳನೋಟನ್ನು ಶತ್ರುಗಳೂ ಅಚ್ಚುಹಾಕಿದರು.
ಐದೇ ವರ್ಷ. ನಲವತ್ತಕ್ಕೊಂದು. ಕಡೆಗೆ ನೂರಕ್ಕೊಂದು.
ಕ್ಷೌರದಂಗಡಿಯ ಗೋಡೆಗೂ ಅಂಟಿಸಿದ್ದರಂತೆ!'
ಅಲ್ಲಾಡಬೇಡಿ ಸಾರ್, ಅಂದೆ. ತಡವಾಗಿತ್ತು.
ಪಟಿಕ ಉಜ್ಜುತ್ತ ಕೇಳಿದೆ:
ಕಾಗದ ಸಂಬಳ ತಗೊಂಡ ಸಿಪಾಯಿಗಳು?
'ಬರಿಗೈಯಲ್ಲಿ ಊರಿಗೆ ನಡೆದರು.
ಆಮೇಲೆ ಹೊಸ ಸರ್ಕಾರ, ಹೊಸ ಟಂಕಸಾಲೆ, ಹೊಸ ಡಾಲರ್.'
ಮೇಸ್ತ್ರಿಗಳು?
ಮೇಷ್ಟ್ರು ಕನ್ನಡಿಯಲ್ಲಿ ನನ್ನನ್ನೇ ನೋಡಿದರು. 'ಅಲ್ಲೂ ಇದ್ದರು.'

ಸಂಜೆ ಜೋಯಿಯ ಮೊಮ್ಮಗಳು ಚುಬ್ಬಿ ಬಂದಳು,
ಹುಡುಗನ ತಲೆ ಸಣ್ಣಗೆ ಮಾಡಿಸಲು.
ಗೋಡೆಯ ಹತ್ತಿರ ಹೋಗಿ ಮೂಗು ತಾಗಿಸುವಷ್ಟು ಬಗ್ಗಿದಳು.
ಕಾಫಿ ಎಲೆ, ಅಂದೆ.
'ಯಾರು ಹೇಳಿದ್ದು? ಮದ್ದುಸೊಪ್ಪು. ಮಸಿಯೂ ಅದನ್ನೇ ಕುದಿಸಿದ್ದು.
ಕಕ್ಕಡ ಹದಿನೆಂಟಕ್ಕೆ ಇದರಲ್ಲಿ ಹದಿನೆಂಟು ಮದ್ದು.
ಹತ್ತೊಂಬತ್ತಕ್ಕೆ ಬರೀ ಸೊಪ್ಪು.'

ಬಣ್ಣದ ಡಬ್ಬ ಇನ್ನೂ ಮೂಲೆಯಲ್ಲಿದೆ.
ಅರ್ಧ ತಲೆ ಮುಗಿದ ಹುಡುಗ ಕುರ್ಚಿಯಿಂದ ಜಾರಿ
ನಾವಿಬ್ಬರೂ ನೋಡುತ್ತಿರುವಂತೆಯೇ
ಒಂದು ರೂಪಾಯಿಯನ್ನು ನೆಕ್ಕಿದ.
ಪಾಯಸದಂತಿದೆಯಾ, ಅಂದಳು ಅವಳು.
ಸುಣ್ಣ, ಅಂದ.